ಬೂದಿಯ ಉಗುರು

ಹುರುಳಿಕಾಯಿ ಹೆಚ್ಚುತ್ತ ನಿಂತಿದ್ದ ಪ್ರೇಮಾಳಿಗೆ, ಬೆಳಗಿನಿಂದ ತಾನು ಖುಷಿಯಾಗಿದ್ದೇನೆ ಎಂಬುದು ತಟ್ಟನೆ ಗೊತ್ತಾಗಿ ಒಂದು ಗಳಿಗೆ ನಾಚಿಕೆಯಾಯಿತು. ಚಂದ್ರಮೋಹನನಿಗೆ ಕೇಳದೆಯೇ ಎರಡನೇ ಸಲ ಕಾಫಿ ಕೊಟ್ಟಿದ್ದಳು. ಅವನು ಲೋಟವನ್ನೂ ಹೆಂಡತಿಯನ್ನೂ ಅನುಮಾನದಿಂದ ನೋಡಿ, "ಏನ್ ಇವತ್ತ ವಿಶೇಷ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಆಸ್ಟಿನ್ನಿನ ಡೊಮೇನ್ ಬಡಾವಣೆಯಲ್ಲಿದ್ದ ತನ್ನ ಆಫೀಸಿಗೆ ಹೊರಟುಹೋಗಿದ್ದ. ಅವನು ಹೋದ ಮೇಲೆ ಅವಳು ತನ್ನ ಆಫೀಸಿಗೆ ಜ್ವರವೆಂದು ಮೆಸೇಜ್ ಕಳಿಸಿದಳು. ಒಂದು ಫೋನಿಗೋಸ್ಕರ ರಜ. ಮಗಳ ಗ್ರಾಜುಯೇಶನ್ನಿಗೆ ಅರ್ಧ ದಿನ ರಜ ಕೇಳಲು ಹಿಂದೆಮುಂದೆ ನೋಡಿದವಳು ಬೆಕ್ಕಿನ ಮರಿಗಳನ್ನು ಸಾಕಲು ಕೊಡುವ ಹ್ಯೂಸ್ಟನ್ನಿನ ಯಾವುದೋ ಸಂಸ್ಥೆಯ ಒಂದು ಫೋನಿಗಾಗಿ ಇಡೀ ದಿನ ಮನೆಯಲ್ಲಿ ಕೂತಿದ್ದಳು. ಆ ಫೋನಿನಲ್ಲಿ ಆಡಬೇಕಾದ ಮಾತುಗಳನ್ನು ವಾರವೆಲ್ಲ ಕಾರಿನಲ್ಲಿ ಒಬ್ಬಳೇ ಇಂಗ್ಲಿಷಿನಲ್ಲಿ ಹೇಳಿಕೊಂಡು ಹೇಳಿಕೊಂಡು ಬಾಯಿಪಾಠ ಮಾಡಿದ್ದಳು. ಮೋಪ್ಯಾಕ್ ರಸ್ತೆಯ ಟ್ರಾಫಿಕ್ಕಿನಲ್ಲಿ ಪಕ್ಕದ ಕಾರಿನವರು ಅವಳು ಹಾಡುತ್ತಿದ್ದಾಳೆಂದು ತಿಳಿದಿರಬೇಕು.

ಅವಳ ವಾರಗಿತ್ತಿ ಲೀಲಾವತಿ, ಚಂದ್ರಮೋಹನನ ಅಣ್ಣ ಚಿದಾನಂದ ಡಾಕ್ಟರರ ಹೆಂಡತಿ, ಹೋದ ಭಾನುವಾರ ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನಿಂದ ಫೋನ್ ಮಾಡಿದ್ದಳು. ಲೀಲಾವತಿಯ ಫೋನೆಂದರೆ ಕುಶಲ ಕೇಳುವ ಪದ್ಧತಿ ಇಲ್ಲ, ನೇರ ಅಪ್ಪಣೆ. ಮೊಮ್ಮಗಳು ರಿಯಾಳಿಗೆ ಬೆಕ್ಕಿನ ಮರಿ ಬೇಕಂತೆ, ಅವರಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರು, ಅದಕ್ಕೆ ಮರಿಗಳು ಅಜ್ಜಿಯ ಮನೆಯಲ್ಲೇ ಇರುತ್ತವಂತೆ. "ಒಂದ ಮರಿ ಕೊಡಂಗಿಲ್ಲಂತ ಪ್ರೇಮಾ, ಎರಡ ತಗೋಬೇಕಂತ. ಒಂದ ಇದ್ರ ಬ್ಯಾಸರಾ ಆಗ್ತದಂತ ಅದಕ್ಕ. ನಾವೇನ್ ಮನಷ್ಯಾರು, ನಮಗ್ಯಾರೂ ಕೇಳಂಗಿಲ್ಲ!" ಎಂದು ನಕ್ಕಳು. ಆಮೇಲೆ ವಿಷಯಕ್ಕೆ ಬಂದಳು. ಈ ಹಿಂದೆ ನೀವು ಬೆಕ್ಕು ಸಾಕಿದ್ದನ್ನು ಕಣ್ಣಾರೆ ಕಂಡವರ ಹೆಸರು ಕೊಡಿ, ನಾವು ಅವರೊಂದಿಗೆ ಮಾತಾಡಬೇಕು, ಎಂದು ಸಂಸ್ಥೆಯವರು ಕೇಳಿದ್ದಾರೆ. "ನಿನ್ನ ಹೆಸರು ಕೊಟ್ಟೀನಿ. ನಮ್ಮ ಮನ್ಯಾಗ ಬೂದಿ ಇದ್ದಿದ್ದಿಲ್ಲೇನು? ಬೆಕ್ಕ ಸಾಕಿ ಅನುಭವ ಅದ ಅಂತ ಹೇಳೀನಿ. ನೀ ಒಂದೆರಡ ಛಲೋ ಮಾತ ಹೇಳಿಬಿಡವ್ವಾ. ಮನಿಯವರನ್ನ ಬಿಟ್ಟು ಇನ್ಯಾರ ಹೆಸರು ಕೊಡ್ಲಿ?" ಪ್ರೇಮಾ ಎಂದಿನಂತೆ "ಹೂಂ ಅಕ್ಕ" ಎಂದಿದ್ದಳು. ಉಗುರು ತೆಗೆಸುವುದಿಲ್ಲವೆಂದು ಬೇರೆ ಮಾತು ಕೊಡಬೇಕಂತೆ, ಎಂದು ಲೀಲಾವತಿ ಮುಂದುವರಿಸಿದಳು. "ಕೊಟ್ಟರಾತು. ಕೊಟ್ಟ ಮ್ಯಾಲೆ ಯಾರು ಬಂದು ಪಂಜಾ ಹಿಡಿದು ನೋಡ್ತಾರ? ಹೊಸಾ ಸೋಫಾ ಬಂದದ, ಇಟಲಿದು."

ನಮ್ಮ ಮನೆಯಲ್ಲಿ ಬೂದಿ ಇದ್ದಿದ್ದಿಲ್ಲವೇ. ಫೋನ್ ಇಟ್ಟ ಮೇಲೆ ಆ ಮಾತು ಅವಳೊಳಗೆ ಮೀನಿನ ಮುಳ್ಳಿನ ಹಾಗೆ ನಿಂತುಬಿಟ್ಟಿತ್ತು. ಬೂದಿ ಪ್ರೇಮಾಳ ಬೆಕ್ಕು. ಚಂದ್ರಮೋಹನನ ಕೆಲಸ ಹೋಗಿ, ಬಾಡಿಗೆ ಮನೆ ಬಿಟ್ಟು, ಗಂಡ ಹೆಂಡತಿ ಮಗಳು ಮೂವರೂ ಅಣ್ಣನ ಶುಗರ್ ಲ್ಯಾಂಡಿನ ಮನೆಯ ಮಹಡಿ ಕೋಣೆ ಸೇರಿದ ವರ್ಷ ಅದು. ಇಂಡಿಯನ್ ಅಂಗಡಿಯ ಪಾರ್ಕಿಂಗಿನಲ್ಲಿ ಯಾರದೋ ಕಾರಿನ ಕೆಳಗೆ ಕೂತು ಕಿರುಚುತ್ತಿದ್ದ ಅಂಗೈ ಅಗಲದ ಮರಿಯನ್ನು ಅವಳು ಕೊತ್ತಂಬರಿ ಸೊಪ್ಪಿನ ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು. ಬಣ್ಣ ನೋಡಿ ಬೂದಿ ಎಂದಳು. ಆ ಮನೆಯಲ್ಲಿ ಪ್ರೇಮಾ ಅಡುಗೆ ಮಾಡುತ್ತಿದ್ದಳು, ಬಟ್ಟೆ ಮಡಿಸುತ್ತಿದ್ದಳು, ಲೀಲಾವತಿಯ ಮಹಿಳಾ ಕೂಟದವರು ಬಂದರೆ ನಲವತ್ತು ಜನಕ್ಕೆ ಬಿಸಿಬೇಳೆಬಾತ್ ಕಲಸುತ್ತಿದ್ದಳು. ಯಾರೂ ಹೇಳಿದ್ದಲ್ಲ, ಹೇಳಬೇಕಾದ ಅಗತ್ಯ ಬೀಳದಂತೆ ತಾನೇ ಮಾಡುತ್ತಿದ್ದಳು. ಬಂದವರಿಗೆಲ್ಲ ಲೀಲಾವತಿ ಅವಳನ್ನು ತೋರಿಸಿ, "ಇಕಿ ನಮ್ಮ ಮೈಸೂರ್ ಪಾಕ್. ಹಲ್ಲಿಲ್ಲದವ್ರೂ ತಿನ್ನಬಹುದು, ಹಂಗ ಕರಗಿಬಿಡ್ತಾಳ," ಎನ್ನುವಳು. ಹುಬ್ಬಳ್ಳಿ ಧಾರವಾಡದ ಕಡೆಯ ಆ ಹೆಂಗಸರೆಲ್ಲ ಗೊಳ್ಳೆಂದು ನಗುವರು. ಪ್ರೇಮಾಳೂ ನಗುವಳು. ನಗದಿದ್ದರೆ ಮೈಸೂರಿನವರಿಗೆ ಬಿಂಕ ಎನ್ನುತ್ತಾರೆ. ಮಹಡಿಗೆ ಹೋದರೆ ಬೂದಿ ಅವಳ ಹೊಟ್ಟೆಯ ಮೇಲೆ ಹತ್ತಿ ಕೂತು, ಮುಂಗಾಲುಗಳನ್ನು ಒಂದಾದ ಮೇಲೊಂದು ಒತ್ತುತ್ತ, ಉಗುರಿನ ತುದಿಯನ್ನು ಚೂರೇ ಚೂರು ನಾಟಿಸಿ, ಹಿಟ್ಟು ನಾದಿದ ಹಾಗೆ ನಾದುತ್ತಿತ್ತು. ಆ ಮನೆಯಲ್ಲಿ ತನ್ನನ್ನು ಯಾರಾದರೂ ಹಿಡಿದುಕೊಂಡಿದ್ದಾರೆ ಎನ್ನಿಸುತ್ತಿದ್ದುದು ಆಗ ಮಾತ್ರ.

ಹುರುಳಿಕಾಯಿ ಮುಗಿದಿತ್ತು. ಅಷ್ಟು ಬೇಕಿರಲಿಲ್ಲ, ಇಬ್ಬರಿಗೆ ಮೂರು ದಿನಕ್ಕಾಗುವಷ್ಟು ಹೆಚ್ಚಿಬಿಟ್ಟಿದ್ದಳು. ಫೋನನ್ನು ಒಲೆಯ ಪಕ್ಕ ಇಟ್ಟಳು, ಎಣ್ಣೆ ಸಿಡಿದೀತೆಂದು ತೆಗೆದು ಕಿಟಕಿಯಲ್ಲಿಟ್ಟಳು, ಕೇಳಿಸದಿದ್ದರೆ ಎಂದು ಮತ್ತೆ ತಂದಳು. ಒಗ್ಗರಣೆಗೆ ಸಾಸಿವೆ ಚಟಪಟ ಎಂದಾಗ ತಮ್ಮನ ಮದುವೆಯ ಅಡುಗೆಮನೆ ನೆನಪಾಯಿತು. ಆ ಮದುವೆಗೆಂದೇ ಅವಳು ಮೈಸೂರಿಗೆ ಹೋದದ್ದು. ಹೋಗುವಾಗ ಬೂದಿಯನ್ನು ಎತ್ತಿ ಗಂಡನ ಕೈಗೆ ಕೊಟ್ಟು, ನೋಡಿಕೊಳ್ಳಿ ಎಂದಿದ್ದಳು. ತಿರುಗಿ ಬಂದ ದಿನ ಮನೆಯಲ್ಲಿ ಗಣಪತಿ ಪೂಜೆಗೆ ಬಂದ ಜನ ತುಂಬಿದ್ದರು. ಸೂಟ್‌ಕೇಸು ಇನ್ನೂ ಬಾಗಿಲಲ್ಲೇ ಇತ್ತು. ಲೀಲಾವತಿ ಎಲ್ಲರೆದುರು, "ಪ್ರೇಮಾ, ನಿನಗೊಂದು ಸರ್ಪ್ರೈಸ್ ಅದ," ಎಂದು ಬೂದಿಯನ್ನು ಎತ್ತಿಕೊಂಡು ಬಂದು, ಅದರ ಮುಂಗಾಲಿನ ಪಂಜವನ್ನು ತನ್ನ ಹೆಬ್ಬೆರಳಿನಿಂದ ಒತ್ತಿ ತೋರಿಸಿದಳು. "ನೋಡ್ರಿ, ಹತ್ತೀಗತೆ! ಸೋಫಾ ಉಳೀತು. ಇಕಿ ಬರೋದ್ರಾಗ ಮಾಡಿಸಿಬಿಟ್ಟೆ, ರೊಕ್ಕ ನಾನ ಕೊಟ್ಟೆ." ಬೆಕ್ಕನ್ನು ಕೆಳಗಿಳಿಸಿದಾಗ ಅದು ಬಿಸಿ ಹಂಚಿನ ಮೇಲೆ ಕಾಲಿಡುವಂತೆ ಒಂದೊಂದೇ ಪಂಜ ಎತ್ತಿಟ್ಟು ನಡೆದು, ಪ್ರೇಮಾಳ ಹತ್ತಿರ ಬಾರದೆ ಮೇಜಿನ ಕೆಳಗೆ ಹೋಗಿ ಕೂತಿತು. ಎಲ್ಲರೂ ಅವಳ ಮುಖ ನೋಡುತ್ತಿದ್ದರು. ಪ್ರೇಮಾ ಹೇಳಿದಳು: "ಥ್ಯಾಂಕ್ಸ್ ಅಕ್ಕ. ನಿಮಗೆ ಸುಮ್ಮನೆ ತೊಂದರೆ ಆಯ್ತು."

ಅದು. ಅದನ್ನೇ ಅವಳು ಮರೆಯಲಾರಳು. ಲೀಲಾವತಿ ಮಾಡಿದ್ದನ್ನಾದರೂ ಒಂದು ದಿನ ಮರೆತಾಳು, ತನ್ನ ಬಾಯಿಂದ ಬಂದ ಆ ಥ್ಯಾಂಕ್ಸ್ ಅನ್ನು ಮರೆಯಲು ಆಗಿರಲಿಲ್ಲ. ಸ್ನಾನ ಮಾಡುವಾಗ, ಸಿಗ್ನಲ್ಲಿನಲ್ಲಿ ನಿಂತಾಗ, ಇನ್ನೊಬ್ಬರ ಮನೆಯ ಆರತಿಯಲ್ಲಿ ಚಪ್ಪಾಳೆ ತಟ್ಟುವಾಗ ಅದು ಬಂದು ಕಿವಿಯಲ್ಲಿ ಹೇಳುತ್ತಿತ್ತು, ನಿಮಗೆ ಸುಮ್ಮನೆ ತೊಂದರೆ ಆಯ್ತು. ಆಮೇಲೆ ಲೈಬ್ರರಿಯಲ್ಲಿ ಕೂತು ಓದಿದ್ದಳು: ತೆಗೆಯುವುದು ಉಗುರನ್ನಲ್ಲ, ಉಗುರು ಹುಟ್ಟುವ ಕೊನೆಯ ಗಿಣ್ಣನ್ನೇ, ಪ್ರತಿ ಬೆರಳಿನದು. ಊಟದ ಮೇಜಿನಲ್ಲಿ ಹೆದರುತ್ತಲೇ ಅದನ್ನು ಹೇಳಿದಾಗ ಚಿದಾನಂದ ಡಾಕ್ಟರು ತಟ್ಟೆಯಿಂದ ಕಣ್ಣೆತ್ತದೆ, ಸಣ್ಣ ಪ್ರೊಸೀಜರ್ ಪ್ರೇಮಾ, ಅನೆಸ್ತೀಸಿಯಾ ಕೊಟ್ಟಿರ್ತಾರ, ಎಂದಿದ್ದರು. ಲೀಲಾವತಿ ಮಾತ್ರ ಬಿಟ್ಟಿರಲಿಲ್ಲ. "ಅರ್ಧ ಅಮೆರಿಕಾ ಮಾಡಸ್ತದ, ನಾ ಒಬ್ಬಾಕಿ ರಾಕ್ಷಸಿ ಏನು? ಉಗುರ ಇದ್ದಿದ್ರ ಬೆಕ್ಕ ಈ ಮನ್ಯಾಗ ಇರ್ತಿದ್ದಿಲ್ಲ, ಬೀದ್ಯಾಗ ಇರ್ತಿತ್ತು. ಯಾವ್ದು ಛಲೋ, ನೀನ ಹೇಳು." ಎಂಟು ವರ್ಷ ಹುಡುಕಿದರೂ ಆ ಒಂದು ಮಾತಿಗೆ ಪ್ರೇಮಾಳಿಗೆ ಸರಿಯಾದ ಉತ್ತರ ಸಿಕ್ಕಿರಲಿಲ್ಲ, ಅದು ಇನ್ನೂ ಸಿಟ್ಟು ಬರಿಸುತ್ತಿತ್ತು. ಆ ಮನೆಯಲ್ಲಿ ಯಾರು ಇರಬಹುದು, ಯಾವ ಷರತ್ತಿನ ಮೇಲೆ ಇರಬಹುದು ಎಂಬುದು ಬರೀ ಬೆಕ್ಕಿನ ಮಾತಾಗಿರಲಿಲ್ಲ.

ಊಟದ ಹೊತ್ತು ದಾಟಿ ಫೋನ್ ಬಂತು. ಡಾನಾ ಎಂಬ ಹೆಂಗಸು; ವಯಸ್ಸಾದ, ಸಿಗರೇಟು ಸೇದಿದಂಥ ಗಂಟಲು, ಹಿಂದೆ ಎಲ್ಲೋ ಮರಿಗಳ ಕಿಚಿಕಿಚಿ. ಪ್ರೇಮಾ ಸೆರಗಿಲ್ಲದಿದ್ದರೂ ಸೆರಗು ಸರಿಮಾಡಿಕೊಳ್ಳುವವಳ ಹಾಗೆ ಟೀ ಶರ್ಟಿನ ತುದಿ ಎಳೆದುಕೊಂಡಳು. ಲೀಲಾವತಿಯವರನ್ನು ನೀವು ಎಷ್ಟು ಕಾಲದಿಂದ ಬಲ್ಲಿರಿ, ಅವರ ಬೆಕ್ಕನ್ನು ನೀವು ಕಂಡಿದ್ದಿರಾ, ಎಂದು ಡಾನಾ ಕೇಳಿದಳು. ಅವರ ಬೆಕ್ಕು. ಆ ಎರಡು ಪದ ಕೇಳಿದ್ದೇ ತಡ, ಬಾಯಿಪಾಠ ಮಾಡಿದ್ದೆಲ್ಲ ಎಲ್ಲಿಗೆ ಹೋಯಿತೋ. ಇಂಗ್ಲಿಷಿನಲ್ಲಿ ಅಕ್ಕ ಇಲ್ಲ, ನೀವು ಇಲ್ಲ, ಬರೀ ಅವಳು. ಅವಳು ನನ್ನ ಬೆಕ್ಕಿನ ಬೆರಳು ಕತ್ತರಿಸಿದಳು, ಎಂದಳು ಪ್ರೇಮಾ. ನಾನು ಊರಿನಲ್ಲಿ ಇಲ್ಲದಾಗ, ನನ್ನನ್ನು ಕೇಳದೆ, ಸೋಫಾಕ್ಕಾಗಿ. ಈಗ ಹೊಸ ಸೋಫಾ ತಂದಿದ್ದಾಳೆ. ನಿಮಗೆ ಕೊಡುವ ಮಾತು ಬರೀ ಮಾತು ಎಂದು ನನ್ನ ಹತ್ತಿರ ನಕ್ಕಿದ್ದಾಳೆ. ಧ್ವನಿ ನಡುಗೀತೆಂದುಕೊಂಡಿದ್ದಳು, ಇಲ್ಲ, ಬ್ಯಾಂಕಿನಲ್ಲಿ ವಿಳಾಸ ಹೇಳುವಷ್ಟು ಸಲೀಸಾಗಿತ್ತು. ಆಮೇಲೆ ಡಾನಾ ಮೆಲ್ಲಗೆ, ಆ ಬೆಕ್ಕಿಗೆ ಏನಾಯಿತು, ಎಂದಳು. ಪ್ರೇಮಾ ಒಂದಿಷ್ಟೂ ತಡಮಾಡದೆ, ಸತ್ತುಹೋಯಿತು, ಎಂದಳು. ನನಗೆ ಬಹಳ ದುಃಖವಾಗುತ್ತದೆ, ಎಂದಳು ಡಾನಾ. ಥ್ಯಾಂಕ್ಯೂ, ಎಂದಳು ಪ್ರೇಮಾ.

ಫೋನ್ ಇಟ್ಟವಳಿಗೆ ಭಯಂಕರ ಹಸಿವಾಯಿತು. ಪಲ್ಯವನ್ನು ಬಾಣಲೆಯಿಂದಲೇ ಅನ್ನಕ್ಕೆ ಸುರಿದುಕೊಂಡು ನಿಂತೇ ತಿಂದಳು, ತುಪ್ಪ ಹಾಕಿಕೊಂಡು ತಿಂದಳು, ಬೆರಳು ನೆಕ್ಕಿದಳು. ಮರಿಗಳಿಗಾಗಿ ಮಾಡಿದೆ ಎಂದು ಹೇಳಿಕೊಳ್ಳಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ, ಎರಡು ಮರಿಗಳ ಬೆರಳು ಉಳಿದಿದ್ದವು. ಆದರೆ ತಿನ್ನುತ್ತಿದ್ದುದು ಅದರ ಸಂತೋಷವನ್ನಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎರಡು ಜುಟ್ಟು ಒಂದು ಕಡೆ ಸೇರಬಹುದು, ಎರಡು ಜಡೆ ಸೇರುವುದಿಲ್ಲ ಎಂದು ಗಂಡಸರು ನಗಾಡುತ್ತಾರೆ. ನಗಲಿ. ತಟ್ಟೆ ತೊಳೆಯುವಾಗ ಮಾತ್ರ, ಸತ್ತುಹೋಯಿತು ಎಂಬ ಮಾತು ಎಷ್ಟು ಸುಲಭವಾಗಿ ಬಂತಲ್ಲ ಎನ್ನಿಸಿತು. ಪಂಜ ನೋಯುತ್ತದೆಂದು ಬೂದಿ ಗಲೀಜು ಮಾಡಲೆಂದು ಇಟ್ಟ ಮರಳಿನ ತಟ್ಟೆಗೆ ಕಾಲಿಡುವುದನ್ನೇ ಬಿಟ್ಟಿತ್ತು. ರತ್ನಗಂಬಳಿಯ ಮೇಲೆ, ಬಚ್ಚಲ ಮೂಲೆಯಲ್ಲಿ, ಒಂದು ದಿನ ಮಡಿಸಿಟ್ಟ ಲೀಲಾವತಿಯ ಇಳಕಲ್ ಸೀರೆಯ ಮೇಲೆ. ಮುಟ್ಟಲು ಹೋದರೆ ಕಚ್ಚುತ್ತಿತ್ತು. ಇನ್ನೇನು ಉಳಿದಿತ್ತು ಅದಕ್ಕೆ, ಹಲ್ಲೊಂದೇ. ಲೀಲಾವತಿ ಬೆಕ್ಕನ್ನು ಕಳಿಸೆಂದು ಹೇಳಲಿಲ್ಲ. ಸೀರೆ ಒಗೆಯಲು ಕೊಟ್ಟು ಸುಮ್ಮನಾದಳು. ಆ ಸುಮ್ಮನಿರುವಿಕೆಯನ್ನು ಎರಡು ದಿನ ತಾಳಲಾರದೆ ಪ್ರೇಮಾಳೇ ಗಂಡನಿಗೆ, ಬಿಟ್ಟು ಬರೋಣ, ಎಂದದ್ದು. ಕಾರಿನಲ್ಲಿ ಡಬ್ಬಿ ಅವಳ ತೊಡೆಯ ಮೇಲಿತ್ತು. ಗಾಳಿಗೆಂದು ಕೊರೆದ ತೂತಿನಿಂದ ಬೂದಿ ಒಂದು ಪಂಜ ಹೊರಗೆ ಹಾಕಿ ಅವಳ ಅಂಗೈಯನ್ನು ಒತ್ತುತ್ತಿತ್ತು, ಹಿಟ್ಟು ನಾದಿದ ಹಾಗೆ, ಏನೂ ನಾಟದ ಹಾಗೆ. ಬೇಡವಾದ ಪ್ರಾಣಿಗಳನ್ನು ಇಟ್ಟುಕೊಳ್ಳುವ ಶೆಲ್ಟರಿನ ಮುಂದೆ ಚಂದ್ರಮೋಹನ ಡಬ್ಬಿ ಎತ್ತಿಕೊಂಡು ಒಳಗೆ ಹೋದ. ಪ್ರೇಮಾ ಇಳಿಯಲಿಲ್ಲ. ಬಿಸಿಲಿತ್ತು, ಏಸಿ ಹಾಕಿಕೊಂಡು ಕೂತಿದ್ದಳು.

ಸಂಜೆ ಲೀಲಾವತಿಯ ಫೋನ್ ಬಂದಾಗ ಪ್ರೇಮಾ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಇಷ್ಟು ಬೇಗ! "ಪ್ರೇಮಾ, ನೋಡವ್ವಾ ಹೆಂಗಾತು," ಎಂದಳು ಲೀಲಾವತಿ. ಧ್ವನಿ ಕಾರಿನೊಳಗಿನದು, ಸ್ಪೀಕರಿನದು. ಹಿಂದೆ ಇಂಡಿಕೇಟರಿನ ಟಿಕ್ ಟಿಕ್. "ಆ ಬೆಕ್ಕಿನ ಮಂದಿ ಇಲ್ಲ ಅಂದುಬಿಟ್ರು. ಕಾರಣ ಸೈತ ಹೇಳವಲ್ರು. ಡಾನ್ಸ್ ಕ್ಲಾಸಿನಿಂದ ಕರ್ಕೊಂಡ್ ಬರಾಕತ್ತೀನಿ, ಹುಡುಗಿ ಅತ್ತು ಅತ್ತು ಮಾರಿ ಬಾತದ." ಹಿಂದಿನ ಸೀಟಿನಿಂದ ರಿಯಾಳ ಸಣ್ಣ ಧ್ವನಿ ಬಂತು, "ಹಾಯ್ ಪ್ರೇಮಾ ಕಾಕು." ಅಜ್ಜಿ ಎಂಬುದನ್ನು ಬಿಟ್ಟರೆ, ಅಮ್ಮ ತನ್ನ ಚಿಕ್ಕಮ್ಮನನ್ನು ಕರೆಯುವುದನ್ನು ಕೇಳಿ ಕಲಿತದ್ದು ಕಾಕು ಎಂಬುದೊಂದು; ಉಳಿದ ಕನ್ನಡವೆಲ್ಲ ಅವಳಿಗೆ ಅರ್ಥವಾಗುತ್ತಿತ್ತು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ. "ಯಾರೋ ಚುಚ್ಚ್ಯಾರ," ಎಂದಳು ಲೀಲಾವತಿ. "ಇನ್ನೊಂದು ಹೆಸರು ಎದುರುಮನಿ ಆಂಟೀದು ಕೊಟ್ಟಿದ್ದೆ. ಆಕೀದ ಕೆಲಸ. ನನ್ನ ಕಂಡ್ರ ಆಗಂಗಿಲ್ಲ ಆಕಿಗೆ."

ಪ್ರೇಮಾಳ ಕೈಯಲ್ಲಿ ಗಂಡನ ಒಂದು ಕಾಲುಚೀಲವಿತ್ತು. ಇದೇನಿದು, ಎಂದುಕೊಂಡಳು. ಏಟು ಬಿದ್ದಿದೆ, ಹೊಡೆದವಳ ಹೆಸರೇ ಇಲ್ಲ. ಇನ್ನು ಇಪ್ಪತ್ತು ವರ್ಷ ಲೀಲಾವತಿ ಎದುರುಮನೆಯವಳನ್ನು ಬೈಯುತ್ತಾಳೆ, ತನ್ನನ್ನು ಮೈಸೂರ್ ಪಾಕ್ ಎನ್ನುತ್ತಾಳೆ. "ನಾನೇ ಹೇಳಿದ್ದು ಅಕ್ಕ," ಎಂದಳು.

"ಏನು?"

"ಆ ಸಂಸ್ಥೆಯವರಿಗೆ. ನಿಮಗೆ ಕೊಡಬೇಡಿ ಅಂತ ನಾನೇ ಹೇಳಿದೆ."

ಲೀಲಾವತಿ ನಕ್ಕಳು. ನಿಜವಾಗಿಯೂ ನಕ್ಕಳು, ಮನಸಾರೆ, ಆ ಹೊತ್ತಿನ ಬೇಸರವೆಲ್ಲ ಇಳಿದವಳ ಹಾಗೆ. "ನೀ? ನೀ ಎಲ್ಲಿ ಹೇಳ್ತೀಯವ್ವಾ! ಆ ಎದುರುಮನಿಯಾಕಿನ್ನ ಉಳಸಾಕ ನಿನ್ನ ಮ್ಯಾಲೆ ಹಾಕ್ಕೊಳ್ಳಾಕತ್ತೀ ಏನು? ನಿನ್ನ ಸ್ವಭಾವ ನನಗ ಗೊತ್ತಿಲ್ಲೇನು. ಇರ್ಲಿ ಕೇಳು, ಈಗ ಹಿಂಗ ಮಾಡು. ಆಸ್ಟಿನ್ನಾಗ ಬ್ಯಾರೆ ಮಂದಿ ಇರ್ತಾರಲ್ಲ, ಅವರ ಕಡೆ ನಿನ್ನ ಹೆಸರ್ಲೆ ಎರಡು ಮರಿ ತಗೋ. ದೀಪಾವಳಿಗೆ ಬರುವಾಗ ತಂದು ನಮಗ ಕೊಟ್ಟುಬಿಡು. ಯಾರಿಗೆ ಗೊತ್ತಾಗ್ತದ? ಹೌದಲ್ಲೋ?"

ಹೂಂ ಎಂಬುದು ಗಂಟಲಿನವರೆಗೂ ಬಂದಿತ್ತು. ಅದು ಅಲ್ಲಿ ಬಂದು ನಿಂತದ್ದನ್ನು ಕಂಡು ಪ್ರೇಮಾಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಉಗುರಿಲ್ಲದ್ದೆಂದು ಎಲ್ಲರೆದುರು ಒತ್ತಿ ತೋರಿಸಿದಂತಿತ್ತು ಆ ನಗು. "ರಿಯಾ ಕೇಳಿಸ್ಕೊಳ್ತಾ ಇದ್ದಾಳಾ ಅಕ್ಕ?" ಎಂದಳು.

"ಕೇಳ್ಲಿ ಬಿಡು. ಅಕಿಗೂ ಗೊತ್ತಾಗ್ಲಿ, ನಮ್ಮವರು ಅಂದ್ರ ಹೆಂಗಿರ್ತಾರ ಅಂತ."

"ರಿಯಾ ಪುಟ್ಟಾ," ಎಂದಳು ಪ್ರೇಮಾ, ಕಥೆ ಹೇಳುವ ಧ್ವನಿಯಲ್ಲಿ, ಮಗುವಿಗೆ ತಿಳಿಯುವಂಥ ಸಣ್ಣ ಸಣ್ಣ ಮಾತಿನಲ್ಲಿ. ಏನು ಮಾಡುತ್ತಿದ್ದೇನೆಂದು ಅವಳಿಗೆ ಪೂರ್ತಿ ಗೊತ್ತಿತ್ತು, ಅದಕ್ಕೇ ಅವಸರ ಮಾಡಲಿಲ್ಲ. "ನೀನು ತುಂಬ ಚಿಕ್ಕವಳಿದ್ದಾಗ ನನ್ನ ಹತ್ತಿರ ಒಂದು ಬೆಕ್ಕಿತ್ತು. ಬೂದಿ ಅಂತ ಹೆಸರು. ನಾನು ಇಂಡಿಯಾಕ್ಕೆ ಹೋಗಿದ್ದೆ. ಆಗ ನಿಮ್ಮಜ್ಜಿ ಅದನ್ನ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ ಅದರ ಬೆರಳಿನ ತುದಿ ಎಲ್ಲ ಕತ್ತರಿಸಿದ್ರು. ಒಂದೊಂದೇ ಬೆರಳು. ಸೋಫಾ ಹಾಳಾಗುತ್ತೆ ಅಂತ. ಬೂದಿಗೆ ಆಮೇಲೆ ನಡೆಯೋಕೇ ಆಗ್ತಿರಲಿಲ್ಲ, ಪಾಪ. ನಿನ್ನ ಮರಿಗಳಿಗೂ ಹಾಗೇ ಮಾಡ್ತಿದ್ರು. ಅದಕ್ಕೇ ನಾನು ಬೇಡ ಅಂದೆ."

"ಪ್ರೇಮಾ!" ಎಂದಳು ಲೀಲಾವತಿ. ಆ ಒಂದು ಕೂಗಿನಲ್ಲಿ ನಂಬಿಕೆ ಬಂದಿತ್ತು.

"ಅಜ್ಜಿ? ಈಸ್ ದಟ್ ಟ್ರೂ?" ಎಂದಳು ರಿಯಾ. "ಅಜ್ಜಿ, ಡಿಡ್ ಯು ಡೂ ದಟ್?"

"ಡಾಕ್ಟರ್ ಮಾಡ್ಯಾರ ಪುಟ್ಟಿ, ನಾ ಅಲ್ಲ... ಎಲ್ಲಾರೂ ಮಾಡಸ್ತಿದ್ರು ಆವಾಗ..." ಆ ಧ್ವನಿಯನ್ನು ಪ್ರೇಮಾ ಎಂದೂ ಕೇಳಿರಲಿಲ್ಲ. ನಲವತ್ತು ಹೆಂಗಸರನ್ನು ನಗಿಸುತ್ತಿದ್ದ ಗಂಟಲು ಒಂದು ಹುಡುಗಿಯ ಮುಂದೆ ತಡವರಿಸುತ್ತಿತ್ತು. ಪ್ರೇಮಾ ಕಾಲುಚೀಲವನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿಕೊಂಡಳು. ಇದಕ್ಕಾಗಿ ಬದುಕಿದ್ದೆ ಎನ್ನಿಸುವಷ್ಟು ಸುಖವಾಯಿತು. ಪಾಪ ಎನ್ನಿಸಲಿಲ್ಲ, ಒಂಚೂರೂ ಎನ್ನಿಸಲಿಲ್ಲ. ಕಾರು ಎಲ್ಲೋ ನಿಂತಿರಬೇಕು. ಇಂಡಿಕೇಟರ್ ಮಾತ್ರ ಟಿಕ್ ಟಿಕ್ ಎನ್ನುತ್ತಲೇ ಇತ್ತು.

"ಕಾಕು," ಎಂದಳು ರಿಯಾ. ಅಳುತ್ತಿರಲಿಲ್ಲ. "ವೇರ್ ಈಸ್ ಬೂದಿ ನೌ?"

ಮಧ್ಯಾಹ್ನ ಅಷ್ಟು ಸಲೀಸಾಗಿ ಬಂದಿದ್ದ ಮಾತು ಈಗಲೂ ಬಾಯಲ್ಲಿ ಸಿದ್ಧವಾಗಿಯೇ ಇತ್ತು. ಅದನ್ನು ಹೇಳಲು ಪ್ರೇಮಾ ಉಸಿರೆಳೆದುಕೊಂಡಳು. ಆದರೆ ಅತ್ತ ಕೇಳುತ್ತಿದ್ದವಳು ಡಾನಾ ಅಲ್ಲ.

"ಹೇಳು," ಎಂದಳು ಲೀಲಾವತಿ. ಅವಳ ಧ್ವನಿ ಮೆಲ್ಲಗೆ ತನ್ನ ಜಾಗಕ್ಕೆ ಬರುತ್ತಿತ್ತು. "ನೀನ ಹೇಳು ಪ್ರೇಮಾ. ನಾ ಕಳಸು ಅಂದಿದ್ದಿಲ್ಲ. ಡಬ್ಬಿ ತೊಡಿ ಮ್ಯಾಲೆ ಇಟ್ಕೊಂಡು ಹೋದಾಕಿ ನೀನು. ಎಲ್ಲಿ ಅದ ಹೇಳು ಹುಡುಗಿಗೆ."

ಪ್ರೇಮಾಳ ಎಡಗೈಯ ಅಂಗೈ ತಾನಾಗಿ ತೆರೆದುಕೊಂಡಿತ್ತು.

"ಗೊತ್ತಿಲ್ಲ ಪುಟ್ಟಾ," ಎಂದಳು.

ಎಂದೂ ಕನ್ನಡದಲ್ಲಿ ಬಾಯಿ ತೆರೆಯದ ಹುಡುಗಿ, ಕಾರಿನ ಹಿಂದಿನ ಸೀಟಿನಿಂದ, ಒಂದೊಂದೇ ಅಕ್ಷರ ಹುಡುಕಿಕೊಂಡು ಕೇಳಿದಳು:

"ಗೊತ್ತಿಲ್ಲಾ?"